ಎರಡನೆಯ ನೀರು

ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಹೊಂಗೆಮರದ ಚಕ್ಕೆ ಕುದಿಸುತ್ತಿದ್ದಾಳೆ. ಆ ಕಮಟು ವಾಸನೆಗೆ ನಾನು ಹಾಸನದ ಈ ಕಾಲೇಜು ಬಿಟ್ಟು ಮಲ್ಲಿಪಟ್ಟಣದ ನಿಂಗಮ್ಮತ್ತೆಯ ಒಲೆ ಮುಂದೆ ಕೂತಿರುತ್ತೇನೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಅದು ಮಲ್ಲಿಗೆಯದೋ ಹೋಳಿಗೆಯದೋ ಆಗಿದ್ದರೆ ನೀವು ಪುಣ್ಯವಂತರು.

ನಿಂಗಮ್ಮತ್ತೆ ಅಪ್ಪನ ತಂಗಿ. ವಾಸಿಯಾಗದ ಹುಣ್ಣು ತೊಳೆಯಲು ಹೊಂಗೆಚಕ್ಕೆಯ ನೀರು ಕೊಡುತ್ತಿದ್ದಳು. ಅರಕಲಗೂಡಿನಿಂದಲೂ ಜನ ಬರುತ್ತಿದ್ದರು. ನಾನಾಗ ಮರದ ಚಕ್ಕೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ, ಅಂದರೆ ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಅತ್ತೆ ದನ ಕಟ್ಟಲು ಹೋದಾಗ ಒಲೆ ಮೇಲಿದ್ದ ನೀರನ್ನು ಬಾಟಲಿಗೆ ತುಂಬಿಕೊಂಡು ಬಸ್ಸು ಹತ್ತಿದೆ.

ಆ ನೀರು ಬ್ಯಾಕ್ಟೀರಿಯಾ ಕೊಂದಿತು. ಸಂತೋಷವಾಯಿತು. ವಿಷವೆಷ್ಟಿದೆ ನೋಡೋಣವೆಂದು ಸೀಗಡಿ ಮರಿಗಳಿದ್ದ ಉಪ್ಪುನೀರಿಗೆ ಹಾಕಿದೆ. ಮಾರನೇ ದಿನ ಅವೂ ಸತ್ತಿದ್ದವು, ಒಂದೂ ಉಳಿಯದೆ. ಸೀಗಡಿಯಿಂದ ಮನುಷ್ಯರವರೆಗೆ ದಾರಿ ಬಹಳ ಉದ್ದ ಅನ್ನುವುದು ನನಗೆ ನೆನಪಾಗಲಿಲ್ಲ. ಫೋನ್ ಮಾಡಿ, "ಅತ್ತೆ, ಅದು ವಿಷ. ಯಾರಿಗೂ ಕೊಡ್ಬೇಡ" ಎಂದೆ.

"ಅಂಗಾ? ಸರಿ ಬುಡು" ಎಂದಳು. ಬಂದವರನ್ನೆಲ್ಲ ವಾಪಸ್ಸು ಕಳಿಸತೊಡಗಿದಳು. "ನಮ್ ಉಡ್ಗಿ ಓದವ್ಳೆ. ಅವ್ಳೇ ಬ್ಯಾಡ ಅಂದವ್ಳೆ."

ವರ್ಷದ ಮೇಲೆ ಊರಿಗೆ ಹೋಗಿ ಮಧ್ಯಾಹ್ನ ಅವಳ ಮಂಚದ ಮೇಲೆ ಒರಗಿದರೆ ತಿಗಣೆ. ಮೊದಲು ಇರಲಿಲ್ಲವಲ್ಲ ಎಂದೆ.

"ಚಕ್ಕೆ ಕುದ್ಸದು ನಿಲ್ಸಿದ್ನಲ್ಲ. ಮೊದ್ಲ ನೀರ ಮಂಚಕ್ಕೆ ಉಯ್ತಿದ್ದೆ. ಮನ್ಸರಿಗೆ ಅದೇ ಚಕ್ಕೆನ ಬ್ಯಾರೆ ನೀರಲ್ಲಿ ಎಲ್ಡನೇ ಸಲ ಕುದ್ಸಿದ್ದು."

ತಿಗಣೆಯ ಔಷಧಿಯನ್ನು ಮಡಿಲಲ್ಲಿಟ್ಟುಕೊಂಡು ಹಾಸನಕ್ಕೆ ಒಯ್ದಿದ್ದೆ.

"ಆವತ್ತೇ ಯಾಕೆ ಹೇಳಲಿಲ್ಲ ಅತ್ತೆ?"

"ನೀ ಓದಿದೋಳು. ಎಲ್ಡೂ ನೋಡೇ ಯೋಳಿರ್ತೀಯ ಅನ್ಕಂಡೆ."

ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಎರಡನೆಯ ನೀರನ್ನೂ ಒಯ್ದು ನೋಡಿದೆ. ಬ್ಯಾಕ್ಟೀರಿಯಾ ಸತ್ತವು, ಸ್ವಲ್ಪ ಕಡಿಮೆ. ಸೀಗಡಿ ಮರಿಗಳು ಈಜಾಡಿಕೊಂಡಿದ್ದವು. ಅತ್ತೆ ಮತ್ತೆ ಕೊಡತೊಡಗಿದಳು. ಆದರೆ ಯಾರಾದರೂ ಬಂದರೆ ಮೊದಲು ನನಗೆ ಫೋನ್: "ಕೊಡ್ಲಾ ಮಗ?" ಅಷ್ಟು ವರ್ಷ ಯಾರನ್ನೂ ಕೇಳದೆ ಕೊಟ್ಟವಳು. ಆ ಧೈರ್ಯವನ್ನು ಯಾವ ಬಾಟಲಿಯಲ್ಲಿ ತುಂಬಿಕೊಂಡು ಬಂದೆನೋ, ಹಿಂದಿರುಗಿಸುವುದು ಹೇಗೆಂದು ಗೊತ್ತಾಗಲಿಲ್ಲ.

ಈಗ ಲ್ಯಾಬಿನಲ್ಲಿ ವಿದ್ಯಾರ್ಥಿನಿ ನೀರು ಸೋಸಿ ಸೀಗಡಿ ಮರಿಗಳ ಕಡೆ ಹೊರಟಳು. ತಡಿ ಎಂದು ಫೋನ್ ತೆಗೆದೆ.

"ಅತ್ತೆ, ಹೊಂಗೆಚಕ್ಕೆ ಕುದಿಸಿದೀವಿ. ಮೊದಲ ನೀರು. ಚೆಲ್ಲಲಾ?"



"ಬಣ್ಣ ಎಂಗೈತೆ?"

ಹೇಳಿದೆ.

"ಚಕ್ಕೆ ಇನ್ನೂ ಇಸ ಪೂರಾ ಬಿಟ್ಟಿಲ್ಲ. ವಾಪಸ್ ಉಯ್ದು ಇನ್ನೊಂದ್ ಚೂರು ಕುದ್ಸು, ಆಮೇಕೆ ಚೆಲ್ಲು" ಎಂದಳು, ನನ್ನನ್ನು ಏನೂ ಕೇಳದೆ. ನಾನೂ ವಿದ್ಯಾರ್ಥಿನಿಯೂ ಮತ್ತೆ ಒಲೆ ಹಚ್ಚಿದೆವು.