ವಿಮಲಕ್ಕನ ಕಾರಿನ ಹಿಂದಿನ ದೀಪ

ವಿಮಲಕ್ಕ ಯಾರನ್ನೂ ಹೆಸರು ಹಿಡಿದು ಕೂಗುತ್ತಿರಲಿಲ್ಲ, ಸೀಟಿ ಊದುತ್ತಿದ್ದರು. ಹಾಲಿನವನಿಗೆ ಒಂದು ಸಲ, ಮಹಡಿಯ ಮೇಲಿದ್ದ ನನಗೆ ಎರಡು ಸಲ. ಹಲಸೂರಿನ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಪಿ.ಟಿ. ಟೀಚರಾಗಿದ್ದವರು. ಭಾನುವಾರವೂ ಅವರ ಕೊರಳಲ್ಲಿ ಆ ಸ್ಟೀಲಿನ ಸೀಟಿ ತೂಗುತ್ತಿತ್ತು. ಜೋಗುಪಾಳ್ಯದ ಅವರ ಮನೆಯ ಮೇಲಿನ ಒಂದು ರೂಮಿನಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಇಂದಿರಾನಗರದ ಔಷಧದ ಅಂಗಡಿಯೊಂದರಲ್ಲಿ ನನಗೆ ಕೆಲಸ. ಮದುವೆಯಾಗಿರಲಿಲ್ಲ. ಅವರಿಗೂ ಆಗಿರಲಿಲ್ಲ.

ಮನೆಯಲ್ಲಿ ಏನು ಕೆಟ್ಟರೂ ಅವರೇ ಬಿಚ್ಚಿ ಕೂರುತ್ತಿದ್ದರು. ಮಿಕ್ಸಿ, ನಲ್ಲಿ, ಗೇಟಿನ ಕೀಲು, ಒಮ್ಮೆ ಪಕ್ಕದ ಮನೆಯವರ ಹೊಲಿಗೆ ಯಂತ್ರ. 'ಯಾರನ್ನಾದ್ರೂ ಕರೆಸೋಣ ಅಕ್ಕಾ' ಎಂದರೆ ಎರಡೂ ಅಂಗೈಗಳನ್ನು ನನ್ನ ಮುಖದ ಮುಂದೆ ಚಾಚಿ, 'ಇವು ಯಾಕಿವೆ ಮತ್ತೆ?' ಎನ್ನುತ್ತಿದ್ದರು. ನಡುಮನೆಯಲ್ಲಿ ಬುದ್ಧನ ಒಂದು ಸಣ್ಣ ಮೂರ್ತಿ, ಅದರ ಪಕ್ಕ ಅವರಪ್ಪನ ಫೋಟೋ. ಅಪ್ಪ ಕಂಟೋನ್ಮೆಂಟಿನ ಬಂಗಲೆಗಳಲ್ಲಿ ತೋಟದ ಕೆಲಸ ಮಾಡಿಕೊಂಡಿದ್ದವರು. 'ನಮ್ಮಪ್ಪ ಬೇರೆಯವರ ಕಾರು ತೊಳೆದೇ ಹೋದ್ರು. ಒಂದ್ಸಲನೂ ಒಳಗೆ ಕೂತಿಲ್ಲ' ಎಂದು ವಿಮಲಕ್ಕ ಒಮ್ಮೆ ಹೇಳಿದ್ದರು. ಹೇಳಿದ್ದು ಅಷ್ಟೇ. ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಯಾರೋ ಓಡಿಸಿ ಬಿಟ್ಟಿದ್ದ ಒಂದು ಬಿಳಿ ಕಾರನ್ನು ಮನೆಗೆ ತಂದರು.

ಆ ಕಾರಿನ ಹಿಂದಿನ ದೀಪಗಳ ಕೆಂಪು ಬಿಸಿಲಿಗೆ ಮಾಸಿ ತಿಳಿ ಗುಲಾಬಿಯಾಗಿತ್ತು. ಶಾಲೆಯಲ್ಲಿ ಯಾರೋ ಟೀಚರು, 'ವಿಮಲಾ ಮೇಡಂ ಕಾರಿಗೆ ಕಣ್ಣುಬೇನೆ ಬಂದಿದೆ' ಎಂದು ನಕ್ಕರಂತೆ. ಇವರಿಗೆ ತಾಗಿತು. ದೀಪಗಳಿಗೆ ಮನೆಯಲ್ಲೇ ಕಪ್ಪು ಛಾಯೆ ಕೊಡುವ ವಿಡಿಯೋ ಒಂದನ್ನು ನನ್ನ ಫೋನಿನಲ್ಲಿ ಮೂರು ಸಲ ನೋಡಿದರು. ಶಿವಾಜಿನಗರಕ್ಕೆ ಹೋಗಿ ಸ್ಪ್ರೇ ಡಬ್ಬಿ, ಮಾಸ್ಕಿಂಗ್ ಟೇಪು, ನೀರಿನಲ್ಲಿ ಉಜ್ಜುವ ಸ್ಯಾಂಡ್ ಪೇಪರ್ ತಂದರು. ಭಾನುವಾರ ಮಧ್ಯಾಹ್ನ ಎರಡು ಸೀಟಿ ಕೇಳಿಸಿತು. ನಾನು ಇಳಿದು ಬಂದೆ.

ದೀಪಗಳನ್ನು ಉಜ್ಜಿ, ಒರೆಸಿ, ಸುತ್ತಲೂ ಹಳೆಯ ಪೇಪರು ಅಂಟಿಸಿದೆವು. ವಿಮಲಕ್ಕ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಒಂದು ಗೇಣು ದೂರದಿಂದ ಬಣ್ಣ ಊದಿದರು. ಒಣಗಲು ಬಿಟ್ಟು ಮತ್ತೊಂದು ಕೋಟು. ಎರಡು ಕೋಟಿಗೆ ದೀಪಗಳು ಹದವಾಗಿ ಕಪ್ಪೇರಿದ್ದವು, ಒಳಗಿನ ಕೆಂಪು ಇನ್ನೂ ಕಾಣುತ್ತಿತ್ತು. 'ಸಾಕಲ್ವಾ?' ಎಂದರು. 'ಇನ್ನೊಂದು ಹೊಡೀರಿ ಅಕ್ಕಾ, ಚೆನ್ನಾಗಿ ಕಾಣತ್ತೆ' ಎಂದವನು ನಾನು. ಮೂರನೆಯದೂ ಆಯಿತು. ಅವರು ಒಳಗೆ ಕೂತು ಬ್ರೇಕ್ ಒತ್ತಿ, 'ಕಾಣ್ತಾ?' ಎಂದು ಕೇಳಿದರು. ನಾನು ಕಾರಿನ ಹಿಂದೆ ನಿಂತಿದ್ದೆ. ಆದರೆ ನನ್ನ ಕಣ್ಣು ಫೋನಿನ ಮೇಲಿತ್ತು, ಯಾರದೋ ಮೆಸೇಜು. 'ಹ್ಞೂಂ, ಕಾಣ್ತಿದೆ' ಎಂದೆ.

ಮಾರನೇ ದಿನ ಶಾಲೆಯಿಂದ ಬಂದವರೇ ಖುಷಿಯಲ್ಲಿ ನನಗೂ ಪಾಯಸ ಕೊಟ್ಟರು. ಯಾರೂ ನಗಲಿಲ್ಲವಂತೆ.

ಅದಾಗಿ ಎರಡು ವಾರವೂ ಕಳೆದಿರಲಿಲ್ಲ. ಮುಸ್ಸಂಜೆ ಹೊತ್ತಿನಲ್ಲಿ ಅಂಗಡಿಗೆ ಫೋನು ಬಂತು. 'ಸುರೇಶಾ, ಬೈಯಪ್ಪನಹಳ್ಳಿ ಹತ್ರ ಇದೀನಿ. ಬಾ' ಎಂದರು. ಆ ದನಿ ಎಷ್ಟು ತಗ್ಗಿತ್ತೆಂದರೆ ಅವರೇ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಹಳೆ ಮದ್ರಾಸ್ ರಸ್ತೆಯಲ್ಲಿ ಮುಂದಿನ ಆಟೋ ತಟ್ಟನೆ ನಿಂತಿತಂತೆ. ಇವರು ಬ್ರೇಕ್ ಒತ್ತಿದ್ದಾರೆ. ಹಿಂದಿನಿಂದ ಬಂದ ಮೊಪೆಡ್ಡು ನೇರವಾಗಿ ಕಾರಿಗೆ ಬಡಿದಿದೆ. ಓಡಿಸುತ್ತಿದ್ದವನು ಶರಣಪ್ಪ, ಯಾದಗಿರಿ ಕಡೆಯಿಂದ ಬಂದು ಗಾರೆ ಕೆಲಸ ಮಾಡಿಕೊಂಡಿದ್ದವನು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಬಲಗೈಯ ಮಣಿಕಟ್ಟು ಮಾತ್ರ ಪುಡಿಯಾಗಿತ್ತು.

ಆಸ್ಪತ್ರೆಗೆ ಬಂದ ಪೊಲೀಸಿನವರು, 'ಹಿಂದಿನಿಂದ ಗುದ್ದಿರೋದು ಅವನು ಮೇಡಂ. ನಿಮ್ಮದೇನೂ ಇಲ್ಲ, ಮನೆಗೆ ಹೋಗಿ' ಎಂದರು. ವಿಮಲಕ್ಕ ದೀಪದ ಬಣ್ಣದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಪರೇಷನ್ ಆಗಿ ಕೈಗೆ ಕಂಬಿ ಹಾಕಿದ ಮೇಲೆ ಇಬ್ಬರೂ ನೋಡಲು ಹೋದೆವು. ಶರಣಪ್ಪ ಹಾಸಿಗೆಯಿಂದ ಏಳಲು ಹೋದ. 'ತಪ್ಪಾತ್ರಿ ಅಕ್ಕಾರ' ಎಂದ. 'ನಿಮ್ಮ ಗಾಡಿ ನಿಂತದ್ದು ನನಗ ತಿಳೀಲೇ ಇಲ್ರಿ. ಲೈಟ್ ಹತ್ತಿರಬೇಕಲ್ರಿ, ನನಗ ಕಾಣಲಿಲ್ಲ. ಕಣ್ಣಿಗಿ ಏನೋ ಆಗ್ಯಾದ.' ಅವನ ಹೆಂಡತಿ ಮಹಾದೇವಿ ಸೆರಗಿನಿಂದ ಅವನ ಮುಖ ಒರೆಸುತ್ತ, 'ಇವಂಗ ಇನ್ನ ಗಾಡಿ ಕೊಡಂಗಿಲ್ರಿ. ಅಷ್ಟೆತ್ತರಕ್ಕ ಕಟ್ಟಿದ ಪರಂಚಿ ಮ್ಯಾಲ ನಿಂತು ಕೆಲಸ ಮಾಡಾಂವ, ಕಣ್ಣೇ ಹೋದ್ರ ಹೆಂಗ್ರಿ?' ಎಂದಳು.

ವಿಮಲಕ್ಕ ಅವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ಕಣ್ಣಿನಲ್ಲಿ ಯಾವ ದೋಷವೂ ಇಲ್ಲವೆಂದು ಡಾಕ್ಟರು ಹೇಳಿದರು. ಶರಣಪ್ಪ ನಂಬಲಿಲ್ಲ. ಹಗಲು ಕಾಣುತ್ತದೆ, ಸಂಜೆಯೇ ಕೈಕೊಡುವುದು ಎಂದು ಹಟ ಹಿಡಿದ. ಸೂರ್ಯ ಮುಳುಗಿದ ಮೇಲೆ ಅವನು ರೂಮು ಬಿಟ್ಟು ಹೊರಗೇ ಬರುತ್ತಿಲ್ಲವೆಂದು ಮಹಾದೇವಿ ಫೋನಿನಲ್ಲಿ ಅತ್ತಳು.

ಆ ಭಾನುವಾರ ವಿಮಲಕ್ಕ ಸೀಟಿ ಊದಲಿಲ್ಲ. ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು. 'ನಾನು ಅವನಿಗೆ ಹೇಳ್ಬಿಡ್ತೀನಿ' ಎಂದರು. ಅಷ್ಟು ದಿನ ಮುಚ್ಚಿಟ್ಟಿದ್ದ ಮಾತು ಆಗ ನನ್ನಿಂದಲೂ ಹೊರಬಿತ್ತು. 'ಅಕ್ಕಾ, ಅವತ್ತು ನಾನು ಲೈಟ್ ನೋಡಿರಲಿಲ್ಲ. ಸುಮ್ನೆ ಕಾಣ್ತಿದೆ ಅಂದ್ಬಿಟ್ಟೆ.'

'ಗೊತ್ತು' ಎಂದರು. 'ಕನ್ನಡೀಲಿ ನೋಡ್ತಿದ್ದೆ. ನೀನು ತಲೆನೇ ಎತ್ತಲಿಲ್ಲ.'

'ಮತ್ತೆ ಯಾಕೆ ಸುಮ್ನಿದ್ರಿ?'

'ಇನ್ನೊಂದ್ಸಲ ಕೇಳಿದ್ರೆ ನೀನು ಕಾಣಲ್ಲ ಅಂತಿದ್ದೆ. ಆಗ ಎಲ್ಲಾ ಕೆರೀಬೇಕಿತ್ತು. ಅಷ್ಟು ಚೆನ್ನಾಗಿ ಬಂದಿತ್ತು ಕಣೋ' ಎಂದರು. 'ಹೋಗೋಣ ನಡಿ. ಅಲ್ಲಿ ನೀನೇನೂ ಮಾತಾಡ್ಬೇಡ. ಕಾರು ನಂದು.'

ಬೈಯಪ್ಪನಹಳ್ಳಿಯಲ್ಲಿ ಸಾಲು ರೂಮುಗಳ ಒಂದು ವಠಾರದಲ್ಲಿ ಶರಣಪ್ಪನ ರೂಮು. ವಿಮಲಕ್ಕ ಚಾಪೆಯ ಮೇಲೆ ಕೂರಲಿಲ್ಲ, ನಿಂತೇ ಹೇಳಿದರು. 'ಶರಣಪ್ಪ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನನ್ನ ಕಾರಿನ ಹಿಂದಿನ ಲೈಟ್ ಯಾರಿಗೂ ಕಾಣ್ತಿರಲಿಲ್ಲ. ಅದರ ಮೇಲೆ ನಾನೇ ಕಪ್ಪು ಬಣ್ಣ ಹೊಡೆದಿದ್ದೆ.'

ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. 'ಯಾಕ್ರಿ?' ಎಂದು ಕೇಳಿದಳು.

'ಚೆನ್ನಾಗಿ ಕಾಣ್ಲಿ ಅಂತ.'

'ಚೆಂದಕ್ಕ?' ಎಂದಳು. ಮತ್ತೊಮ್ಮೆ, ಮೆಲ್ಲಗೆ, 'ಬರೇ ಚೆಂದಕ್ಕ?' ವಿಮಲಕ್ಕ ಹೌದೆಂದು ತಲೆಯಾಡಿಸಿದರು. ಶರಣಪ್ಪನ ಮುಖದಲ್ಲಿ ಮಾತ್ರ ನಾನು ಎಣಿಸಿರದ ಒಂದು ಬೆಳಕು ಮೂಡಿತು. 'ಹಂಗಾರ ನನ್ನ ಕಣ್ಣು ಚಲೋ ಅದಾವ?' ಎಂದ. ಹೆಂಡತಿಯ ಕಡೆ ತಿರುಗಿ, 'ಕೇಳ್ದಿಲ್ಲ? ಕಣ್ಣು ಚಲೋ ಅದಾವಂತ' ಎಂದು ನಕ್ಕ. ಆ ನಗೆಯನ್ನು ನೋಡಲಾರದೆ ನಾನು ಹೊರಗೆ ಬಂದೆ. ಒಳಗಿನಿಂದ ಮಹಾದೇವಿಯ ದನಿ ಕೇಳಿಸಿತು. 'ಇನ್ನ ಬರಬ್ಯಾಡ್ರಿ ಅಕ್ಕಾರ. ಹೋಗ್ರಿ.'

ಅಲ್ಲಿಂದ ನೇರವಾಗಿ ಠಾಣೆಗೆ ಹೋಗಿ ವಿಮಲಕ್ಕ ಅದನ್ನೇ ಬರೆದುಕೊಟ್ಟರು. ಕೇಸು ಅವರ ಮೇಲೆ ತಿರುಗಿತು, ಕೋರ್ಟಿಗೆ ಅಲೆದರು. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಬರಲಿಲ್ಲ. ನಾನೂ ಹೋಗಿ ಹೇಳಲಿಲ್ಲ. ಹೇಳಬಹುದಿತ್ತು.

ಬರಬೇಡಿ ಎಂದರೂ ಮುಂದಿನ ಭಾನುವಾರ ಅವರು ಮತ್ತೆ ಬೈಯಪ್ಪನಹಳ್ಳಿಗೆ ಹೋದರು. ವಠಾರದೊಳಕ್ಕೆ ಕಾಲಿಡದೆ ಗಲ್ಲಿಯ ಕೊನೆಯಲ್ಲಿ ಒಂದು ರಬ್ಬರ್ ಚೆಂಡು ಹಿಡಿದು ನಿಂತರು. ಶರಣಪ್ಪನೇ ಹೊರಗೆ ಬಂದ. ಬ್ಯಾಂಡೇಜು ಬಿಚ್ಚಿದ ಕೈಗೆ ಚೆಂಡು ಕೊಟ್ಟು, ಹಿಸುಕುವುದನ್ನೂ ಮಣಿಕಟ್ಟು ತಿರುಗಿಸುವುದನ್ನೂ ಶಾಲೆಯ ಮಕ್ಕಳಿಗೆ ಹೇಳಿಕೊಡುವಂತೆ ಹೇಳಿಕೊಟ್ಟರು. ಆರು ತಿಂಗಳು ಹೀಗೇ ನಡೆಯಿತು. ಮಹಾದೇವಿ ಒಂದು ದಿನವೂ ಮಾತಾಡಿಸಲಿಲ್ಲವಂತೆ. ಒಂದು ಭಾನುವಾರ ರೂಮಿಗೆ ಬೀಗ ಬಿದ್ದಿತ್ತು. ಬೇರೆ ಸೈಟಿಗೆ ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದರು ಅಕ್ಕಪಕ್ಕದವರು. ಶರಣಪ್ಪನ ಫೋನೂ ಹೋಗುತ್ತಿರಲಿಲ್ಲ.

ಆಮೇಲಿನ ವಿಮಲಕ್ಕ ಬೇರೆಯೇ ಮನುಷ್ಯರಾದರು. ಕಾರು ಮಾರಿದರು. ನಲ್ಲಿ ಸೋರಿದರೂ ಪ್ಲಂಬರನಿಗೆ ಫೋನು ಮಾಡು ಎಂದು ನನಗೆ ಹೇಳುತ್ತಿದ್ದರು. ರಿಟೈರಾದ ಮೇಲೆ ಕೆ.ಜಿ.ಎಫ್.ನಲ್ಲಿದ್ದ ತಂಗಿಯ ಮನೆಗೆ ಹೊರಟರು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಟ್ರೈನು ಹತ್ತಿಸಿದವನು ನಾನೇ. ಕಿಟಕಿಯ ಕಂಬಿ ಹಿಡಿದು, 'ಆ ಶರಣಪ್ಪ ಎಲ್ಲಾದ್ರೂ ಸಿಕ್ಕಿದ್ರೆ ಕೈ ಹೇಗಿದೆ ನೋಡು. ಅವನನ್ನ ಕೇಳ್ಬೇಡ, ಚೆನ್ನಾಗಿದೆ ಅಂದ್ಬಿಡ್ತಾನೆ. ಕೆಲಸ ಮಾಡೋವಾಗ ನೋಡಿ ಹೇಳು' ಎಂದರು. ಅದೇ ನಾನು ಅವರನ್ನು ಕೊನೆಯದಾಗಿ ಕಂಡದ್ದು. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು ಎಂದು ಅವರ ತಂಗಿ ಫೋನು ಮಾಡಿದರು.

ಈ ಬೇಸಗೆಯಲ್ಲಿ ಟಿನ್ ಫ್ಯಾಕ್ಟರಿಯ ಆಚೆ, ಕಟ್ಟುತ್ತಿದ್ದ ಒಂದು ಮನೆಯ ಮುಂದೆ ನಡೆದು ಹೋಗುತ್ತಿದ್ದೆ. ಒಳಗೆ ಗೋಡೆಗೆ ಗಾರೆ ಹಾಕುತ್ತಿದ್ದವನ ಬೆನ್ನು ನೋಡಿ ಗುರುತು ಹತ್ತಿತು. ಕೂಗದೆ ನಿಂತು ನೋಡಿದೆ. ಗಾರೆ ಬಳಿಯುವ ಕರಣೆ ಎಡಗೈಯಲ್ಲಿತ್ತು. ಬಲಗೈ ಗಾರೆಯ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಿತ್ತು, ಬೆರಳುಗಳು ಅರ್ಧವಷ್ಟೇ ಮಡಚಿದ್ದವು.

ಶರಣಪ್ಪ ತಿರುಗಿ ನೋಡಿ ನಕ್ಕ. 'ಅಕ್ಕಾರು ಹೆಂಗದಾರ್ರಿ?'

ಹೇಳಿದೆ. ಅವನು ತಟ್ಟೆ ಕೆಳಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದ. 'ಯಾರೂ ಹೇಳಲೇ ಇಲ್ರಿ ನಮಗ' ಎಂದ. ಆಮೇಲೆ, 'ಗಾರೆ ಗಟ್ಟಿ ಆಗತದ್ರಿ, ನಿಂದರ್ರಿ' ಎಂದು ಮತ್ತೆ ಗೋಡೆಗೆ ತಿರುಗಿದ. ಅವನು ಆ ಗೋಡೆ ಮುಗಿಸುವ ತನಕ ನಾನು ಅಲ್ಲೇ ನಿಂತೆ.