ಕಂಪಳಿ ಎಂಬ ತಪ್ಪು

ನನ್ನ ರೂಮ್‌ಮೇಟ್‌ನ ಉತ್ತರದ ಹಾಳೆಯಲ್ಲಿ ಒಂದೇ ಒಂದು ತಪ್ಪಿತ್ತು. ‘ಕಂಬಳಿ’ ಎಂದು ಬರೆಯುವಲ್ಲಿ ‘ಕಂಪಳಿ’ ಎಂದು ಬರೆದಿದ್ದಳು. ನನ್ನ ಹಾಳೆಯಲ್ಲಿ ತಪ್ಪೇ ಇರಲಿಲ್ಲ. ಹೀಗಾಗಿ ಐವತ್ತು ಪದಗಳ ಉಕ್ತಲೇಖನ ಸ್ಪರ್ಧೆಯನ್ನು ನಾನು ಗೆದ್ದೆ. ಚಪ್ಪಾಳೆ ನಿಲ್ಲುವ ಮೊದಲೇ ನನಗೆ ಅನುಮಾನ ಶುರುವಾಗಿತ್ತು.

ಪೀಳಮೇಡಿನ ನಮ್ಮ ಕಾಲೇಜಿನಲ್ಲಿ ಕನ್ನಡದವರದು ಒಂದು ಸಣ್ಣ ಗುಂಪು. ಅರ್ಧ ಮಂದಿ ಕರ್ನಾಟಕದಿಂದ ಓದಲು ಬಂದವರು. ಉಳಿದವರು ನನ್ನಂತೆ ಇಲ್ಲಿನವರೇ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನೆಗಮಂನ ನಮ್ಮ ಮನೆಯಲ್ಲಿ ಅಮ್ಮ ಡಬ್ಬಗಳಿಗೆ ‘ಬೇಳೆ’, ‘ಬೆಲ್ಲ’ ಎಂದು ಚೀಟಿ ಅಂಟಿಸುವುದು ತಮಿಳು ಅಕ್ಷರದಲ್ಲಿ. ನಾನು ಕನ್ನಡ ಲಿಪಿ ಕಲಿತದ್ದು ಹಾಸ್ಟೆಲಿಗೆ ಬಂದ ಮೇಲೆ, ತುಮಕೂರಿನವಳಾದ ಈ ರೂಮ್‌ಮೇಟ್‌ನಿಂದ.

ಗೆದ್ದವರಿಗೆ ಕಪ್ ಇರಲಿಲ್ಲ. ಅವಿನಾಶಿಯಲ್ಲಿ ಭಾನುವಾರದ ಅಕ್ಷರ ತರಗತಿಗೆ ಒಬ್ಬರು ಕಲಿಸುವವರು ಬೇಕಿತ್ತು, ಆ ಅವಕಾಶವೇ ಬಹುಮಾನ. ಕನ್ನಡ ಆಡಲು ಬಂದು ಓದಲು ಬಾರದ, ನಮ್ಮಂಥ ಮನೆಗಳ ಮಕ್ಕಳು ಅಲ್ಲಿಗೆ ಬರುತ್ತಾರೆ. ತರಗತಿ ನಡೆಸುವ ಹಿರಿಯರೊಬ್ಬರೇ ಉಕ್ತಲೇಖನದ ಪದಗಳನ್ನು ಹೇಳುವವರು. ಸ್ಪರ್ಧೆಗೆ ನನ್ನ ಹೆಸರು ಬರೆದುಕೊಳ್ಳುತ್ತ, “ನಿಮ್ಮ ಕಡೆಯೋರಿಗೆ ಬರೆಯೋದು ಕಷ್ಟ ಅಲ್ವೇನಮ್ಮ?” ಎಂದಿದ್ದರು. ಮರುಕದಿಂದಲೇ ಕೇಳಿದ್ದು. ಆ ತರಗತಿ ನನಗೆ ಬೇಕಿತ್ತು, ಮರುಕವಿಲ್ಲದೆ ಬೇಕಿತ್ತು.

ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಆ ಅಭ್ಯಾಸದ ಕೈ, ಕಿವಿಗೆ ‘ಕಂಬಳಿ’ ಕೇಳಿಸಿದರೂ ‘ಕಂಪಳಿ’ ಎಂದೇ ಬರೆಯುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಲ ಹಾಗೆ ಬರೆದಿದ್ದೆ. ಮೂರು ಸಲವೂ ಅವಳೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಕೊನೆಗೆ ಕಲಿತೆ. ಒಂದನೇ ತರಗತಿಯಿಂದ ಕನ್ನಡದಲ್ಲೇ ಬರೆದವಳಿಗೆ ಆ ತಪ್ಪು ಎಲ್ಲಿಂದ ಬರಬೇಕು? ಅದು ನನ್ನದು. ನನ್ನಿಂದ ಎತ್ತಿಕೊಂಡಿದ್ದಳು.

ಸಂಜೆ ನೋಟ್‌ಬುಕ್ಕನ್ನೂ ಅವಳ ಹಾಳೆಯನ್ನೂ ಅವಳ ಮಂಚದ ಮೇಲೆ ಅಕ್ಕಪಕ್ಕ ಇಟ್ಟೆ.

“ಏನು ಅಮ್ಮಣಿ, ಪೊಲೀಸ್ ಕೆಲ್ಸಕ್ಕೆ ಸೇರ್ಕೊಂಡ್ಯಾ?” ಇಲ್ಲಿನವರು ಹುಡುಗಿಯರನ್ನು ಕರೆಯುವ ‘ಅಮ್ಮಣಿ’ಯನ್ನು ಅವಳು ನನ್ನನ್ನು ಕೆಣಕಲೆಂದೇ ಇಟ್ಟುಕೊಂಡಿದ್ದಳು. “ಕೈ ತಪ್ತು ಕಣೇ.”

“ಪೊಯ್ ಹೇಳ್ಬೇಡ.” ಸುಳ್ಳು ಎನ್ನಲು ತಮಿಳು ಪದವೇ ಬಾಯಿಗೆ ಬಂತು. “ ನಿಮ್ಮೂರೋರ ಕೈ ಹಿಂಗೆ ತಪ್ಪಲ್ಲ. ನೀವು ತಪ್ಪೋದು ಶ, ಷದಲ್ಲಿ. ಇದು ನಮ್ಮ ತಪ್ಪು.”

“ತಪ್ಪಿಗೂ ಊರು ಬೇರೆ ಇದ್ಯಾ?”

“ಸತ್ಯಮಾ ಹೇಳು. ಬೇಕುಂತ ಸೋತ್ಯಾ?”

“ಸೋತೆ ಅಂತಾನೇ ಇಟ್ಕೋ. ಯಾರಿಗೆ ಮೋಸ ಆಯ್ತು? ನಂದೊಂದು ಅಂಕ ನಾನೇ ಕಳ್ಕೊಂಡೆ.”

“ನಾನು ಗೆದ್ನಾ ಇಲ್ವಾ ಅಂತ ತಿಳ್ಕೊಳ್ಳೋದನ್ನೂ ನೀನು ಕಳ್ದಾಕ್ದೆ.”

ಅವಳು ಬಕೆಟ್ ಎತ್ತಿಕೊಂಡು ಸ್ನಾನಕ್ಕೆ ಹೋದಳು.

ಕನಿಕರ ಎಂಬುದು ನನ್ನ ಮೊದಲ ಊಹೆ. ಆಮೇಲೆ ಇನ್ನೊಂದು ಹೊಳೆಯಿತು: ಭಾನುವಾರ ಅವಳು ಹನ್ನೊಂದಕ್ಕೆ ಮುಂಚೆ ಏಳುವವಳಲ್ಲ. ಅವಿನಾಶಿಯ ಎಂಟರ ಬಸ್ಸಿನಿಂದ ತಪ್ಪಿಸಿಕೊಳ್ಳಲು ಸೋತಿರಬಹುದು. ಬರೀ ಸೋಮಾರಿತನವಾಗಿದ್ದರೆ ಕ್ಷಮಿಸಬಹುದಿತ್ತು. ಯಾವುದೆಂದು ತಿಳಿಯಲು ಎರಡು ದಿನ ಅವಳ ಮುಖ ನೋಡಿದೆ. ಅವಳು ಎಂದಿನಂತೆ ಕೇಳದೆಯೇ ನನ್ನ ಶಾಂಪೂ ಬಳಸಿಕೊಂಡು ಓಡಾಡಿದಳು.

ಮೂರನೆಯ ದಿನ ಹಿರಿಯರ ಬಳಿ ಹೋಗಿ, ಇನ್ನೊಮ್ಮೆ ಬರೆಸಿ ಎಂದೆ. ಅವಳ ಬಗ್ಗೆ ಏನೂ ಹೇಳಲಿಲ್ಲ. ಒಂದು ಅಂಕದ ಅಂತರ ಸಾಲದು ಎಂದಷ್ಟೇ.

“ಸೋತೋರು ಮರುಪರೀಕ್ಷೆ ಕೇಳ್ತಾರೆ. ಗೆದ್ದೋರು ಕೇಳಿದ್ದು ಇದೇ ಮೊದ್ಲು” ಎಂದು ನಕ್ಕು ಒಪ್ಪಿದರು. ಅವಳೂ ಬೇಡವೆನ್ನದೆ ಬಂದಳು.

ಹೊಸ ಐವತ್ತು ಪದ. ನನ್ನ ಹಾಳೆಯಲ್ಲಿ ಈ ಸಲವೂ ತಪ್ಪಿರಲಿಲ್ಲ. ಅವಳದು ಒಂದು: ‘ವಿಶೇಷ’ವನ್ನು ‘ವಿಷೇಶ’ ಎಂದು ಬರೆದಿದ್ದಳು.

“ಇದು ಬಿಡಿ, ಎಲ್ಲರೂ ಮಾಡೋ ತಪ್ಪು” ಎಂದರು ಹಿರಿಯರು.

ಹೌದು, ಅವಳ ಊರಿನ ಎಲ್ಲರೂ ಮಾಡುತ್ತಾರೆ. ಯಾವ ತಪ್ಪು ಬರೆದರೆ ಸಿಕ್ಕಿಬೀಳುವುದಿಲ್ಲ ಎಂದು ಮಂಚದ ಮೇಲೆ ಹಾಳೆ ಹರಡಿ ಹೇಳಿಕೊಟ್ಟವಳು ನಾನೇ. ಅಥವಾ ಈ ಸಲ ನಿಜಕ್ಕೂ ತಪ್ಪಿದ್ದಳು. ಎರಡರಲ್ಲಿ ಯಾವುದಾದರೂ ಹಾಳೆ ಒಂದೇ ಥರ ಕಾಣುತ್ತದೆ.

“ಈಗ ಸಮಾಧಾನನಾ ಅಮ್ಮಣಿ?” ಎಂದು ಹೊರಗೆ ಕೇಳಿದಳು. ನಾನು ಅವಳತ್ತ ತಿರುಗುವಷ್ಟರಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು.

ಮೂರನೆಯ ಸಲ ಬರೆಸಿ ಎನ್ನಬಹುದಿತ್ತು. ಎನ್ನಲಿಲ್ಲ. ಹಿರಿಯರಿಗೆ ತೊಂದರೆ ಕೊಡಬಾರದೆಂದು ಆಗ ಅಂದುಕೊಂಡೆ. ತರಗತಿ ಕೈತಪ್ಪೀತೆಂಬ ಭಯವೇ ಕಾರಣವೆಂದು ಈಗ ಅನ್ನಿಸುತ್ತದೆ.

ಭಾನುವಾರ ನಾನು ಎಂಟರ ಬಸ್ಸಿಗೆ ಹೊರಟಾಗ ಅವಳು ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟೆ. ಅವಳ ಉಸಿರಾಟ, ನಿದ್ದೆಯಲ್ಲಿರುವವರದಕ್ಕಿಂತ ತುಸು ಹೆಚ್ಚೇ ಕ್ರಮವಾಗಿತ್ತು.