ಒಂದು ಸಾಲು ನುಂಗಿದ ಸ್ಫೋಟ

ಆ ದಿನ ಮಳೆ ಬರುತ್ತಿತ್ತು ಎಂದು ಬರೆದು, ಹೊಡೆದುಹಾಕಿದೆ. ಸಿದ್ದಾಪುರ ಎಂದಕೂಡಲೇ ಮಳೆ ಕರೆಯದೆಯೇ ಬಂದು ಕೂರುತ್ತದೆ, ನಂಬುವಂತಿಲ್ಲ. ಕರೆಂಟು ಹೋಗಿ ಬಂದಿತ್ತು ಎನ್ನುವುದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಭಾವ ಜಗಳಕ್ಕೆ ನಿಂತದ್ದೇ ಅದರ ಮೇಲೆ.

ಎರಡು ಸಾವಿರದ ಆಚೀಚಿನ ವರ್ಷ. ಅಕ್ಕನಿಗೆ ಆಪರೇಷನ್ ಆಗಿತ್ತು. ನಾನು ಪಿಎಚ್.ಡಿ. ಕೆಲಸವನ್ನು ಸಿ.ಡಿ.ಗಳಲ್ಲಿ ತುಂಬಿಕೊಂಡು ಕೋಲಸಿರ್ಸಿಯ ಅವಳ ಮನೆಗೆ ಬಂದಿದ್ದೆ. ಬೆಳಿಗ್ಗೆ ಅಡುಗೆ. ಮಧ್ಯಾಹ್ನ ಬಸ್ಸು ಹತ್ತಿ ಸಿದ್ದಾಪುರ ಪೇಟೆಯಲ್ಲಿ ಭಾವ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ. ಕಲಿಯುವವರು ಬರುವುದು ಸಂಜೆ. ಅಲ್ಲಿಯವರೆಗೆ ಒಂದು ಕಂಪ್ಯೂಟರು ನನ್ನದು.

ಸಿ.ಡಿ.ಗಳಲ್ಲಿದ್ದದ್ದು ಒಂದು ಜೋಡಿ ತಾರೆಯಿಂದ ಬಂದ ಎಕ್ಸ್-ರೇಗಳ ಎಣಿಕೆ. ಉಪಗ್ರಹವೊಂದು ಹಿಂದೆಂದೋ ದಾಖಲಿಸಿದ್ದು. ಜೋಡಿಯಲ್ಲಿ ಒಂದು ಸಾಧಾರಣ ನಕ್ಷತ್ರ, ಇನ್ನೊಂದು ಅದರ ಅನಿಲವನ್ನು ಎಳೆದು ತಿನ್ನುತ್ತಿರುವ ಕಾಣದ ವಸ್ತು. ಅದು ಕಪ್ಪುಕುಳಿ ಎಂದು ನಮ್ಮ ಗೈಡ್ ಬಹಳ ವರ್ಷಗಳಿಂದ ವಾದಿಸುತ್ತ ಬಂದಿದ್ದರು. ನನ್ನ ಇಡೀ ಪ್ರಬಂಧ ನಿಂತಿದ್ದದ್ದು ಆ ವಾದದ ಮೇಲೆ. ಒಪ್ಪಿಸಲು ಕೆಲವೇ ತಿಂಗಳು ಉಳಿದಿತ್ತು.

ನಮ್ಮ ಲ್ಯಾಬಿನ ಪ್ರೋಗ್ರಾಮು ಭಾವನ ಕಂಪ್ಯೂಟರಿನಲ್ಲಿ ಓಡಲಿಲ್ಲ. ನಾನೇ ಒಂದು ಒರಟು ಪ್ರೋಗ್ರಾಮು ಬರೆದು ಗ್ರಾಫ್ ತೆಗೆದೆ. ಸಪಾಟಾಗಿ ಸಾಗಿದ್ದ ಗೆರೆ ಒಂದು ಕಡೆ ಥಟ್ಟನೆ ಮೇಲೆ ಹೋಗಿ ನಿಧಾನವಾಗಿ ಇಳಿದಿತ್ತು.

"ಎಂತದೇ ಕೂಸೇ ಅದು, ಕೊಂಬು ಬಂದಾಂಗೆ ಕಾಣ್ತು?" ಭಾವ ಹಿಂದೆ ಬಂದು ನಿಂತಿದ್ದ.

"ಸ್ಫೋಟ ಇರಕ್ಕು ಭಾವ."

"ಸ್ಫೋಟ ಅಲ್ಲ, ವೋಲ್ಟೇಜು. ಈಗಷ್ಟೇ ಕರೆಂಟು ಬಂತಲೆ."

"ಇದು ಉಪಗ್ರಹದಲ್ಲಿ ಆಗಿದ್ದು. ನಿಮ್ಮ ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲೆ."

"ಉಪಗ್ರಹಕ್ಕೂ ಕರೆಂಟು ಬೇಕಲ್ದಾ? ಯಾರನ್ನೂ ಹಾಂಗೆ ನಂಬಡ."

ನಕ್ಕೆ. ಆದರೆ ನನಗೂ ನಂಬಿಕೆ ಇರಲಿಲ್ಲ. ಆ ಕಾಣದ ವಸ್ತು ನ್ಯೂಟ್ರಾನ್ ತಾರೆಯಾದರೆ ಎಳೆದ ಅನಿಲ ಅದರ ಮೈಮೇಲೆ ಕೂಡುತ್ತ ಹೋಗಿ, ಒಮ್ಮೆಲೇ ಹೊತ್ತಿಕೊಂಡು ಎಕ್ಸ್-ರೇ ಚಿಮ್ಮುತ್ತದೆ. ಕಪ್ಪುಕುಳಿಗೆ ಹಾಗೆ ಕೂಡಲು ಮೈಯೇ ಇಲ್ಲ. ಇದು ನಿಜವಾದ ಸ್ಫೋಟವಾದರೆ ಪ್ರಬಂಧ ಬಿದ್ದುಹೋಯಿತು. ಹಾಗಾಗಿ ಅದು ಸುಳ್ಳಾಗಲಿ ಎಂದೇ ಹುಡುಕತೊಡಗಿದೆ.

ಉಪಗ್ರಹ ಬೇರೆಡೆ ತಿರುಗುತ್ತಿತ್ತೇ? ಇಲ್ಲ, ಗುರಿ ಅಲುಗಿರಲಿಲ್ಲ. ಒಂದೇ ಡಿಟೆಕ್ಟರಿನ ಚೇಷ್ಟೆಯೇ? ಎಲ್ಲದರಲ್ಲೂ ಅದೇ ಕೊಂಬು. ಕೊನೆಗೆ ಹೆಚ್ಚು ಶಕ್ತಿಯ ಕಿರಣಗಳನ್ನೂ ಕಡಿಮೆ ಶಕ್ತಿಯವನ್ನೂ ಬೇರೆ ಮಾಡಿ ನೋಡಿದೆ. ಹೆಚ್ಚಿನವು ಬೇಗ ಆರಿದ್ದವು, ಕಡಿಮೆಯವು ಉಳಿದು ನಿಧಾನ ಆರಿದ್ದವು. ಕಾದ ಮೈಯೊಂದು ತಣಿಯುವಾಗ ಆಗುವುದೇ ಹಾಗೆ.

ಇದೇ ದತ್ತಾಂಶದ ಮೇಲೆ ನನಗಿಂತ ಮೊದಲು ಇಬ್ಬರು ಪಿಎಚ್.ಡಿ. ಮುಗಿಸಿದ್ದರು. ಅವರಿಗೆ ಯಾಕೆ ಕಾಣಲಿಲ್ಲ? ಲ್ಯಾಬಿನ ಪ್ರೋಗ್ರಾಮನ್ನು ತೆರೆದು ಮೊದಲ ಸಲ ಓದಿದೆ. ಅದನ್ನು ಯಾರೂ ಓದುತ್ತಿರಲಿಲ್ಲ. ಹೊಸಬರು ಹಿರಿಯರಿಂದ ನಕಲು ಮಾಡಿಕೊಳ್ಳುವುದು, ಓಡಿಸುವುದು, ಅಷ್ಟೇ ರೂಢಿ. ಬರೆದವರು ಗೈಡ್. ನಡುವೆ ಒಂದು ಸಾಲಿತ್ತು: ಸರಾಸರಿಗಿಂತ ಬಹಳ ಮೇಲೆ ಹೋದ ಎಣಿಕೆ ಕಸ, ತೆಗೆದುಹಾಕು. ಉಪಗ್ರಹಕ್ಕೆ ದಾರಿತಪ್ಪಿದ ಕಣಗಳು ಬಡಿಯುವುದುಂಟು, ಅದಕ್ಕಾಗಿ ಇರಬಹುದು. ಇರಬಹುದು.

ಪಕ್ಕದ ಎಸ್.ಟಿ.ಡಿ. ಬೂತಿನಿಂದ ಗೈಡ್‌ಗೆ ಫೋನ್ ಮಾಡಿದೆ. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಭಾವ ಹೊರಗೇ ನಿಂತಿದ್ದ. ಸ್ಫೋಟ ಕಂಡಿದೆ ಎಂದೆ. ಅವರು ಧಾರವಾಡ ಕಡೆಯವರು. ಕೇಳಿದರು:

"ಆ ಸಾಲು ಯಾಕ ತಗದ್ರಿ?"

"ತೆಗೆದಿಲ್ಲ ಸರ್. ನನ್ನದರಲ್ಲಿ ಬರೆದೇ ಇಲ್ಲ."

"ಯಾರಿಗರೆ ತೋರ್ಸೀರೇನು?"

"ನಮ್ಮ ಭಾವನಿಗೆ."

"ಏನಂದ್ರು?"

"ವೋಲ್ಟೇಜು ಅಂದ್ರು."

ಜೋರಾಗಿ ನಕ್ಕರು. "ಛಲೋ ಅಂದಾರ. ಬಾಜೂಕ ಇನ್ನೊಂದು ತಾರೆ ಇದ್ದೀತು, ಅದರದಿರಬೇಕು. ಮೊದಲ ಥೀಸಿಸ್ ಕೊಡ್ರಿ, ಆಮ್ಯಾಲೆ ನೋಡೋಣಂತ."

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಸಾಲಿನ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಹಾಗಾದರೆ ಆ ಸಾಲು ಸ್ಫೋಟವನ್ನು ನುಂಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು.

"ಸಾಲಿನ ಸುದ್ದಿ ನೀನೇ ಮೊದ್ಲು ಹೇಳಿದ್ದೆ, ಆನು ಕೇಳಿದ್ದಿ," ಎಂದ ಭಾವ, ರಾತ್ರಿ ಮನೆಯಲ್ಲಿ ಮಾತೆತ್ತಿದಾಗ. ಇಂದಿಗೂ ಹಾಗೇ ಅನ್ನುತ್ತಾನೆ. ನನ್ನ ನೆನಪಿನಲ್ಲಿ ಅವರ ಪ್ರಶ್ನೆಯೇ ಮೊದಲು. ಆದರೆ ಈ ಸಂಭಾಷಣೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಓಡಿಸಿದ್ದೇನೆ, ನನಗೆ ಬೇಡದ ಒಂದು ವಾಕ್ಯ ಎಲ್ಲೋ ಉದುರಿರಬಹುದು. ಭಾವನನ್ನಾದರೂ ಹೇಗೆ ನಂಬುವುದು? ನಾನು ಗೈಡ್ ಜೊತೆ ಕೆಡಿಸಿಕೊಳ್ಳಬಾರದು ಎಂಬುದು ಅವನ ಆಸೆಯಾಗಿತ್ತು.

ಪ್ರಬಂಧವನ್ನು ಹಾಗೆಯೇ ಕೊಡಲಿಲ್ಲ. ಊರಿಂದ ಹಿಂದಿರುಗಿ, ಆ ಜೋಡಿಯ ಹಳೆಯ ದತ್ತಾಂಶವನ್ನೆಲ್ಲ ಆ ಸಾಲಿಲ್ಲದೆ ಓಡಿಸಿದೆ. ಬಾಜೂಕ, ಅಂದರೆ ಆ ಜೋಡಿಯ ಪಕ್ಕ, ಸ್ಫೋಟಿಸುವ ತಾರೆ ಯಾವುದೂ ಇರಲಿಲ್ಲ. ಇನ್ನೊಂದು ಸ್ಫೋಟ ಸಿಕ್ಕಿತು. ಎರಡನ್ನೂ ಮೇಜಿನ ಮೇಲಿಟ್ಟೆ. ಗೈಡ್ ಬಹಳ ಹೊತ್ತು ನೋಡಿದರು. "ಅಧ್ಯಾಯ ತಿದ್ದಿ ಬರೀರಿ" ಎಂದರು. ಬರೆದೆ: ಕಪ್ಪುಕುಳಿಯಲ್ಲ, ನ್ಯೂಟ್ರಾನ್ ತಾರೆ. ಸಹಿ ಹಾಕಿಕೊಟ್ಟರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು: ಇಷ್ಟು ಸ್ಪಷ್ಟವಾಗಿರುವುದು ಇಷ್ಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ?

ಗೈಡ್ ಕಿಟಕಿಯ ಕಡೆ ನೋಡುತ್ತಿದ್ದರು. ಅಥವಾ ನನ್ನನ್ನು.

"ದತ್ತಾಂಶ ಶುದ್ಧಿ ಮಾಡುವಾಗ ಹೋಗಿತ್ತು," ಎಂದೆ.

ಯಾರು ಮಾಡಿದ್ದು ಎಂದು ಪರೀಕ್ಷಕರು ಕೇಳುತ್ತಾರೆಂದು ಕಾದೆ. ಅವರು ಮುಂದಿನ ಪುಟ ತಿರುವಿದರು.